ಚೀಟಿಯ ಮೇಲೆ ಯಾರ ಹೆಸರು?

1938ರಲ್ಲಿ ಹೈದರಾಬಾದಿನ ಬಾಗೇ ಆಮ್‌ನಲ್ಲಿ, ಅಂದರೆ ಸಾರ್ವಜನಿಕ ಉದ್ಯಾನದಲ್ಲಿ, ಉಸ್ಮಾನಿಯಾ ವಿಶ್ವವಿದ್ಯಾಲಯದ ಪದವೀಧರರು ಸೇರಿ ಹತ್ತು ದಿನಗಳ ವಸ್ತುಪ್ರದರ್ಶನವೊಂದನ್ನು ಏರ್ಪಡಿಸಿದರು. ಕೈಯಲ್ಲಿದ್ದ ಬಂಡವಾಳ ಎರಡೂವರೆ ರೂಪಾಯಿ ಎಂದು ಇಂದಿಗೂ ಹೇಳಿಕೊಳ್ಳುತ್ತಾರೆ. ಸಂಸ್ಥಾನದ ಆರ್ಥಿಕ ಸಮೀಕ್ಷೆಗೆ ಹಣ ಕೂಡಿಸುವುದು ಅವರ ಉದ್ದೇಶವಾಗಿತ್ತು. ಪ್ರದರ್ಶನಕ್ಕೆ ಅವರಿಟ್ಟ ಹೆಸರು 'ನುಮಾಯಿಶ್ ಮಸ್ನೂಆತೆ ಮುಲ್ಕಿ'. ನುಮಾಯಿಶ್ ಎಂದರೆ ತೋರಿಸುವುದು, ಮಸ್ನೂಆತ್ ಎಂದರೆ ತಯಾರಿಸಿದ ವಸ್ತುಗಳು, ಮುಲ್ಕಿ ಎಂದರೆ ಈ ನಾಡಿನವು. ನಾಡಿನಲ್ಲಿ ಮಾಡಿದ ವಸ್ತುಗಳನ್ನು ನಾಡಿನ ಜನರಿಗೆ ತೋರಿಸುವುದು ಎಂಬಷ್ಟೇ ಅದರ ಅರ್ಥ.

ಈ ಮೂರು ಪದಗಳಲ್ಲಿ ವಸ್ತುವಿದೆ, ನಾಡಿದೆ, ನೋಟವಿದೆ. ಮಾಡಿದವರು ಇಲ್ಲ. ಮಾಡುವವನಿಗೆ ಅದೇ ಅರಬ್ಬಿ ಮೂಲದಿಂದ ಹುಟ್ಟಿದ 'ಸಾನಿ' ಎಂಬ ಪದವಿತ್ತು. ಅದು ಫಲಕದ ಮೇಲೆ ಬರಲಿಲ್ಲ. ಇದಕ್ಕಾಗಿ ಆ ಹುಡುಗರನ್ನು ದೂರುವುದು ತಪ್ಪಾದೀತು. ಅವರಿಗಿಂತ ಎಂಬತ್ತು ತೊಂಬತ್ತು ವರ್ಷ ಮೊದಲೇ ಜಗತ್ತಿನ ದೊಡ್ಡ ದೊಡ್ಡ ಪ್ರದರ್ಶನಗಳು ಹಾಕಿಕೊಟ್ಟಿದ್ದ ಪದ್ಧತಿ ಅದು. ನಾನು ಹೈದರಾಬಾದ್ ಸಂಸ್ಥಾನದ ಕನ್ನಡ ಜಿಲ್ಲೆಗಳ ಕೈಕಸುಬಿನ ಬಗ್ಗೆ ಸಂಶೋಧನೆ ಮಾಡುತ್ತಿದ್ದೇನೆ. ಓದುತ್ತಾ ಹೋದಂತೆ ನನ್ನ ಕಣ್ಣು ವಸ್ತುಗಳಿಗಿಂತ ಹೆಚ್ಚಾಗಿ ಅವುಗಳ ಪಕ್ಕದಲ್ಲಿಟ್ಟ ಚೀಟಿಗಳ ಮೇಲೆ ನೆಟ್ಟಿತು. ಚೀಟಿಯ ಮೇಲೆ ಏನು ಬರೆಯುತ್ತಾರೆ, ಯಾರ ಹೆಸರು ಬರೆಯುತ್ತಾರೆ, ಯಾರದನ್ನು ಬಿಡುತ್ತಾರೆ? ಈ ಬರಹ ಅದರ ಕುರಿತು.

ನಾನು ಹುಟ್ಟಿ ಬೆಳೆದದ್ದು ಕಲಬುರಗಿಯ ಮೋಮಿನಪುರದಲ್ಲಿ. ಮೋಮಿನ್ ಎಂದರೆ ನಂಬಿಕೆಯುಳ್ಳವನು. ದಖ್ಖನಿನಲ್ಲೂ ಉತ್ತರದಲ್ಲೂ ನೇಯ್ಗೆಯ ಕಸುಬಿನ ಮುಸ್ಲಿಮರು ತಮ್ಮನ್ನು ಕರೆದುಕೊಂಡ ಹೆಸರೂ ಅದೇ. ನೇಕಾರನನ್ನು ಕೀಳಾಗಿ ಕರೆಯಲು ಬಳಸುತ್ತಿದ್ದ ಹೆಸರುಗಳನ್ನು ಬಿಟ್ಟು, ತಮಗೆ ತಾವೇ ಇಟ್ಟುಕೊಂಡ ಗೌರವದ ಹೆಸರು. ನಾಗಪುರದಲ್ಲೊಂದು ಮೋಮಿನಪುರವಿದೆ, ಮುಂಬೈಯಲ್ಲೊಂದಿದೆ. ಅಲ್ಲೆಲ್ಲ ಓಣಿಯ ಹೆಸರೇ ಮಗ್ಗದ ನೆನಪನ್ನು ಹೊತ್ತುಕೊಂಡಿದೆ. ನಾನು ಕಣ್ಣು ಬಿಡುವ ಹೊತ್ತಿಗೆ ನಮ್ಮ ಮನೆಯಲ್ಲಿ ಮಗ್ಗವಿರಲಿಲ್ಲ, ಮಗ್ಗದ ಮಾತು ಮಾತ್ರ ಉಳಿದಿತ್ತು. ಮನೆಯಲ್ಲಿ ಏನಾದರೂ ಗೋಜಲಾದರೆ ದಾದಿ 'ತಾನಾ ಬಾನಾ ಬಿಗಡ್ ಗಯಾ' ಎನ್ನುತ್ತಿದ್ದಳು. ತಾನಾ ಎಂದರೆ ಹಾಸು, ಬಾನಾ ಎಂದರೆ ಹೊಕ್ಕು. ಕನ್ನಡದಲ್ಲಿ ನಾವು ಹಾಸುಹೊಕ್ಕು ಎನ್ನುತ್ತೇವಲ್ಲ, ಅದೇ.

1880ರ ದಶಕದಲ್ಲಿ ಇದೇ ಊರಿನಲ್ಲಿ ಮೆಹಬೂಬ್ ಶಾಹಿ ಗಿರಣಿ ಶುರುವಾಯಿತು. 1874ರಲ್ಲೇ ವಾಡಿಯಿಂದ ಸಿಕಂದರಾಬಾದಿಗೆ ರೈಲು ಬಂದಿತ್ತು. ಮುಂಬೈಯ ನೂಲು, ಮ್ಯಾಂಚೆಸ್ಟರಿನ ಬಟ್ಟೆ ಎರಡಕ್ಕೂ ದಾರಿ ತೆರೆದಿತ್ತು. ಕೈಮಗ್ಗದ ಬಟ್ಟೆಗೆ ನೇಯ್ದವನ ಗುರುತು ಇರುತ್ತಿತ್ತು. ಕೊಳ್ಳುವವರಿಗೆ ಇದು ಯಾರ ಮಗ್ಗದ್ದು ಎಂದು ಅಂಚು ನೋಡಿಯೇ ತಿಳಿಯುತ್ತಿತ್ತು. ಗಿರಣಿಯ ಬಟ್ಟೆಯ ಮೇಲೆ ಇದ್ದದ್ದು ಗಿರಣಿಯ ಮುದ್ರೆ. ಆ ಗಿರಣಿಯೂ ಈಗ ಇಲ್ಲ. ಎಂ.ಎಸ್.ಕೆ. ಮಿಲ್ ಎಂಬುದು ಇಂದು ಆಟೋದವರಿಗೆ ಹೇಳುವ ಒಂದು ಜಾಗದ ಹೆಸರು. ಮೋಮಿನಪುರದಂತೆಯೇ ಅದೂ ಕಸುಬು ಹೋಗಿ ವಿಳಾಸ ಉಳಿದ ಜಾಗ.

ಪ್ರದರ್ಶನ ಎಂಬುದು ಬರುವ ಮೊದಲು ಕೈಯಿಂದ ಮಾಡಿದ ವಸ್ತು ಜನರೆದುರು ಬರುತ್ತಿದ್ದದ್ದು ಸಂತೆ, ಜಾತ್ರೆ, ಉರುಸುಗಳಲ್ಲಿ. ನಮ್ಮೂರಿಗೆ ಇವುಗಳ ಕೊರತೆ ಎಂದೂ ಇರಲಿಲ್ಲ. ಹೋಳಿ ಹುಣ್ಣಿಮೆ ಕಳೆದ ಮೇಲೆ ಶರಣಬಸವೇಶ್ವರರ ಜಾತ್ರೆ. ಜಿಲ್ಕಾದ ತಿಂಗಳಲ್ಲಿ ಖ್ವಾಜಾ ಬಂದೇ ನವಾಜರ ಉರುಸು. ಮೆಹಬೂಬ್ ಗುಲ್ಶನ್ ತೋಟದಿಂದ ಸಂದಲ್ ಮೆರವಣಿಗೆ ಹೊರಟರೆ ಅದರ ಹಿಂದೆ ಮುಂದೆ ಅಂಗಡಿಗಳ ಸಾಲು. ಕಂಬಳಿ, ಬುಟ್ಟಿ, ಮೊರ, ಬಳೆ, ಬೀಸುಕಲ್ಲು, ಚಾಪೆ. ಇಲ್ಲಿ ಚೀಟಿ ಇರಲಿಲ್ಲ, ಅದರ ಅಗತ್ಯವೂ ಇರಲಿಲ್ಲ. ಬುಟ್ಟಿಯ ಹಿಂದೆ ಮೇದಾರನೇ ಕುಳಿತಿರುತ್ತಿದ್ದ. ಬುಟ್ಟಿ ಹರಿದರೆ ಮುಂದಿನ ವರ್ಷ ಅದೇ ಜಾಗದಲ್ಲಿ ಅವನನ್ನೇ ಹುಡುಕಿ ಬೈಯಬಹುದಿತ್ತು. ಹಾಗೆಂದು ಜಾತ್ರೆಯೇನೂ ಸಮಾನತೆಯ ಅಂಗಳವಾಗಿರಲಿಲ್ಲ. ಯಾರು ಎಲ್ಲಿ ಕೂರಬೇಕು, ಯಾರ ಕೈಯಿಂದ ಏನನ್ನು ಕೊಳ್ಳಬಹುದು ಎಂಬುದನ್ನು ಜಾತಿಯೇ ತೀರ್ಮಾನಿಸುತ್ತಿತ್ತು. ಆದರೂ ವಸ್ತು ಮತ್ತು ಮಾಡಿದವರು ಒಟ್ಟಿಗೇ ಕಾಣುತ್ತಿದ್ದರು.

ಈ ಸೀಮೆಯ ಅತಿ ಹಳೆಯ ನೇಕಾರನ ಕಥೆಯೂ ಸಂತೆಯದೇ. ಜೇಡರ ದಾಸಿಮಯ್ಯನ ಊರು ಮುದನೂರು. ಹಿಂದೆ ಕಲಬುರಗಿ ಜಿಲ್ಲೆಯಲ್ಲಿತ್ತು, ಈಗ ಯಾದಗಿರಿಗೆ ಸೇರಿದೆ. ಆ ಊರಿನ ರಾಮನಾಥನೇ ಅವನ ಅಂಕಿತ. ದಾಸಿಮಯ್ಯ ಬಹಳ ಕಾಲ ಕುಳಿತು ಒಂದು ಅಪರೂಪದ ವಸ್ತ್ರ ನೇಯ್ದು ಸಂತೆಗೆ ಒಯ್ದನಂತೆ. ಅದು ಮಾರಾಟವಾಗಲಿಲ್ಲ. ಹಿಂದಿರುಗುವಾಗ ಮುದಿ ಜಂಗಮನ ವೇಷದಲ್ಲಿ ಬಂದ ಶಿವ ಆ ವಸ್ತ್ರವನ್ನು ಬೇಡಿ ಪಡೆದು, ಅವನ ಕಣ್ಣೆದುರೇ ಹರಿದು ಚೂರು ಮಾಡಿದ. ದಾಸಿಮಯ್ಯ ಕೋಪಿಸಿಕೊಳ್ಳಲಿಲ್ಲ. ಮೆಚ್ಚಿದ ಶಿವ ತವನಿಧಿ ಕೊಟ್ಟ. ಭಕ್ತಿಯ ಕಥೆಯಾಗಿ ಇದನ್ನು ಎಲ್ಲರೂ ಕೇಳಿದ್ದೇವೆ. ಕಸುಬಿನ ಕಥೆಯಾಗಿ ಓದಿದರೆ ಇನ್ನೊಂದು ಸಂಗತಿ ಕಾಣುತ್ತದೆ. ಇಡೀ ಕಥೆಯಲ್ಲಿ ಬಟ್ಟೆಗೆ ಹೆಸರಿಲ್ಲ, ಬೆಲೆಯಿಲ್ಲ, ಕೊನೆಗೆ ಬಟ್ಟೆಯೇ ಉಳಿಯುವುದಿಲ್ಲ. ಉಳಿದದ್ದು ನೇಯ್ದವನ ಹೆಸರು. ಅದೂ ಕಸುಬಿನ ಸಮೇತ, ಜೇಡರ ದಾಸಿಮಯ್ಯ ಎಂದು.

ಇದಕ್ಕೆ ಪೂರ್ತಿ ತಿರುಗುಮುರುಗಾದ ಕಥೆ 1851ರ ಮೇ 1ರಂದು ಲಂಡನ್ನಿನಲ್ಲಿ ಶುರುವಾಯಿತು. ಹೈಡ್ ಪಾರ್ಕಿನಲ್ಲಿ ಕಬ್ಬಿಣ ಮತ್ತು ಗಾಜಿನಿಂದ ಕಟ್ಟಿದ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ಮಹಾ ಪ್ರದರ್ಶನ. ಐದೂವರೆ ತಿಂಗಳಲ್ಲಿ ಸುಮಾರು 60 ಲಕ್ಷ ಭೇಟಿಗಳು. ಭಾರತದ ವಿಭಾಗಕ್ಕೆ ವಸ್ತುಗಳನ್ನು ಕೂಡಿಸಿ ಕಳಿಸಿದ್ದು ಈಸ್ಟ್ ಇಂಡಿಯಾ ಕಂಪನಿ. ಕೊಹಿನೂರ್ ವಜ್ರದ ಜೊತೆಗೆ ನಮ್ಮ ಬೀದರಿನ ಬಿದ್ರಿ ಪಾತ್ರೆಗಳೂ ಅಲ್ಲಿದ್ದವು. ಯಂತ್ರದಲ್ಲಿ ಮಾಡಿದ ತಮ್ಮ ವಸ್ತುಗಳು ಅಂದಗೆಟ್ಟಿವೆ ಎಂದು ಕೊರಗುತ್ತಿದ್ದ ಇಂಗ್ಲಿಷ್ ವಿನ್ಯಾಸಕಾರರಿಗೆ ಭಾರತದ ವಿಭಾಗ ಒಂದು ಪಾಠಶಾಲೆಯಂತೆ ಕಂಡಿತು. ಪ್ರದರ್ಶನ ಮುಗಿದ ಮೇಲೆ 5,000 ಪೌಂಡ್ ತೆಗೆದಿಟ್ಟು ಮಾದರಿ ವಸ್ತುಗಳನ್ನು ಕೊಂಡರು. ಅದರಲ್ಲಿ ಭಾರತದ ಪಾಲು ದೊಡ್ಡದು. ಇಂದಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಆ ಸಂಗ್ರಹದಿಂದಲೇ ಬೆಳೆದದ್ದು. ಕೊಳ್ಳುವ ಸಮಿತಿಯಲ್ಲಿದ್ದ ಓವನ್ ಜೋನ್ಸ್ 1856ರಲ್ಲಿ ಅಲಂಕಾರ ವಿನ್ಯಾಸಗಳ ಒಂದು ದೊಡ್ಡ ಗ್ರಂಥ ಹೊರತಂದ. ಅದರ ಭಾರತದ ಪುಟಗಳಲ್ಲಿ ಪ್ರದರ್ಶನಕ್ಕೆ ಬಂದ ಲೋಹದ ಕೆಲಸದ ಬಳ್ಳಿ, ಹೂ, ಅಂಚುಗಳು ಬಣ್ಣದಲ್ಲಿ ಅಚ್ಚಾದವು.

ಈ ಎಲ್ಲದರಲ್ಲೂ ಬಿದ್ರಿಗೆ ಊರಿನ ಹೆಸರು ಸಿಕ್ಕಿತು. ಪ್ರದರ್ಶಕ ಎಂಬ ಜಾಗದಲ್ಲಿ ಕಂಪನಿಯ ಹೆಸರು ಬಂತು. ಕೊಂಡ ಮೇಲೆ ಸಂಗ್ರಹದ ಸಂಖ್ಯೆ ಬಂತು. ಎರಕ ಹೊಯ್ದವನು, ಬೆಳ್ಳಿ ಕೂರಿಸಿದವನು ಯಾರೆಂದು ಕೇಳುವ ಕಾಲಂ ಇರಲಿಲ್ಲ. 1985ರಲ್ಲಿ ಸೂಸನ್ ಸ್ಟ್ರಾಂಜ್ ಆ ಮ್ಯೂಸಿಯಂನ ಬಿದ್ರಿ ಸಂಗ್ರಹದ ಬಗ್ಗೆ ಪುಸ್ತಕ ಬರೆದಾಗ ಅವರು ಆಧರಿಸಬೇಕಾದದ್ದು ಆಕಾರ, ವಿನ್ಯಾಸ, ತಂತ್ರಗಳನ್ನು. ಹೂವಿನ ಎಸಳು ನೋಡಿ ಕಾಲ ಹೇಳಬಹುದು. ಹೆಸರು ಹೇಳಲಾಗುವುದಿಲ್ಲ.

ಬಿದ್ರಿ ಮಾಡುವ ಬಗೆಯನ್ನು ನೋಡಿದವರಿಗೆ ಈ ಕೊರತೆ ಎಷ್ಟು ದೊಡ್ಡದೆಂದು ತಿಳಿಯುತ್ತದೆ. ಸತು ಮತ್ತು ತಾಮ್ರವನ್ನು ಸುಮಾರು 16ಕ್ಕೆ 1ರಂತೆ ಕರಗಿಸಿ ಮಣ್ಣಿನ ಅಚ್ಚಿಗೆ ಹೊಯ್ಯುತ್ತಾರೆ. ಅರದಿಂದ ಉಜ್ಜಿ ನಯ ಮಾಡಿ, ಮೈಲುತುತ್ತದ ನೀರು ಸವರಿ ಸದ್ಯಕ್ಕೆ ಕಪ್ಪು ಮಾಡುತ್ತಾರೆ. ಗೀರಿದರೆ ಗೆರೆ ಬೆಳ್ಳಗೆ ಕಾಣಲಿ ಎಂದು. ಮಾದರಿ ಹಾಳೆ ಇಲ್ಲದೆ ಕೈಯಿಂದಲೇ ಬಳ್ಳಿ ಬರೆಯುತ್ತಾರೆ. ಉಳಿಯಿಂದ ತೋಡುತ್ತಾರೆ, ತೋಡಿದ ಗೆರೆಗೆ ಬೆಳ್ಳಿಯ ತಂತಿ ಅಥವಾ ತಗಡು ಬಡಿದು ಕೂರಿಸುತ್ತಾರೆ. ಕೊನೆಗೆ ವಸ್ತುವನ್ನು ಬಿಸಿ ಮಾಡಿ, ಬೀದರ್ ಕೋಟೆಯೊಳಗಿನ ಹಳೆಯ ಮಣ್ಣು ಮತ್ತು ನವಸಾಗರ ಕಲಸಿದ ಲೇಪ ಹಚ್ಚುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಿಯಾಗಿಯೇ ಉಳಿಯುತ್ತದೆ. ಮಣ್ಣು ಸರಿಯಿದೆಯೇ ಎಂದು ಹಳಬರು ನಾಲಗೆಗೆ ಹಚ್ಚಿ ರುಚಿ ನೋಡುತ್ತಾರೆ. ಎರಕ, ಬರೆಯುವುದು, ತೋಡುವುದು, ಕೂರಿಸುವುದು, ಕಪ್ಪು ಬರಿಸುವುದು, ಹೀಗೆ ಒಂದು ಹೂಜಿಯೊಳಗೆ ಹಲವು ಕೈಗಳಿವೆ. ಒಂದೇ ಹೆಸರು ಬರೆಯುವುದೂ ಪೂರ್ತಿ ನ್ಯಾಯವಲ್ಲ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಮುಂದೆ ಇದರ ಅಗತ್ಯ ಬೀಳುತ್ತದೆ.

1886ರಲ್ಲಿ ಲಂಡನ್ನಿನ ಸೌತ್ ಕೆನ್ಸಿಂಗ್ಟನ್‌ನಲ್ಲಿ ವಸಾಹತು ಮತ್ತು ಭಾರತ ಪ್ರದರ್ಶನ ನಡೆಯಿತು. ಈ ಸಲ ವಸ್ತುಗಳ ಜೊತೆಗೆ ಮಾಡುವವರನ್ನೂ ತಂದು ಕೂರಿಸಿದರು. ಮೂವತ್ತಕ್ಕೂ ಹೆಚ್ಚು ಮಂದಿ ನೇಯುವವರು, ಮಡಕೆ ಮಾಡುವವರು, ಕೆತ್ತುವವರು ದಿನವಿಡೀ ಜನರೆದುರು ಕೆಲಸ ಮಾಡುತ್ತಿದ್ದರು. ಭಾರತದ ಹಳ್ಳಿಯ ಸಾಂಪ್ರದಾಯಿಕ ಕುಶಲಕರ್ಮಿಗಳು ಎಂದು ನೋಡಿದವರು ನಂಬಿದರು. ಅವರನ್ನು ಕರೆತಂದದ್ದು ಆಗ್ರಾ ಜೈಲಿನಿಂದ. ಜೈಲಿನ ಮೇಲ್ವಿಚಾರಕನಾಗಿದ್ದ ಟೈಲರ್ ಎಂಬ ವೈದ್ಯನ ಏರ್ಪಾಡು ಅದು. ಹಲವರು ಜೈಲಿನಲ್ಲೇ ಕಸುಬು ಕಲಿತವರು. ವಿಕ್ಟೋರಿಯಾ ರಾಣಿ ಅವರನ್ನು ವಿಂಡ್ಸರಿಗೆ ಕರೆಸಿಕೊಂಡಳು, ರುಡಾಲ್ಫ್ ಸ್ವೊಬೊಡಾ ಎಂಬ ಚಿತ್ರಕಾರನಿಂದ ಅವರ ಮುಖಗಳನ್ನು ಬರೆಸಿದಳು. ಬಕ್ಷಿರಾಮ್ ಎಂಬ ಮುದಿ ಕುಂಬಾರನ ಹೆಸರು ನಮಗೆ ಇಂದು ಗೊತ್ತಿರುವುದು ಆ ಚಿತ್ರದಿಂದ. ಆ ಪ್ರದರ್ಶನಕ್ಕಾಗಿ ದುಡಿಯಲು ಹೋಗಿದ್ದ ತ್ರೈಲೋಕ್ಯನಾಥ ಮುಖರ್ಜಿ 1889ರಲ್ಲಿ ತಮ್ಮ ಪ್ರವಾಸ ಕಥನ ಪ್ರಕಟಿಸಿದರು. ಅಧಿಕಾರಿಯಾಗಿ ಹೋದ ತಮ್ಮನ್ನೂ ಜನ ಪ್ರದರ್ಶನದ ವಸ್ತುವಿನಂತೆ ದಿಟ್ಟಿಸುತ್ತಿದ್ದದ್ದನ್ನು ಅವರು ನಗುತ್ತಲೇ ದಾಖಲಿಸಿದ್ದಾರೆ.

ಈ ಜೈಲಿನ ಸಂಗತಿ ನನ್ನನ್ನು ಬಹಳ ದಿನ ಕಾಡಿತು. ಅಲ್ಲಿ ಕುಳಿತವರಿಗೆ ಹೆಸರು ಇರಲಿಲ್ಲವೆಂದಲ್ಲ. ಜೈಲಿನ ದಫ್ತರದಲ್ಲಿ ಪ್ರತಿ ಕೈದಿಯ ಹೆಸರು, ತಂದೆಯ ಹೆಸರು, ಊರು, ಜಾತಿ, ಅಪರಾಧ ಎಲ್ಲವನ್ನೂ ಬರೆದುಕೊಳ್ಳುವುದು ಆ ಆಡಳಿತದ ರೂಢಿ. ಇದೇ ಸರ್ಕಾರ 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದಿತು. ನಮ್ಮ ಲಂಬಾಣಿ ಸಮುದಾಯದ ಎಷ್ಟೋ ಗುಂಪುಗಳು ಬೇರೆ ಬೇರೆ ಪ್ರಾಂತ್ಯಗಳಲ್ಲಿ ಅದರ ಹಿಡಿತಕ್ಕೆ ಸಿಕ್ಕವು. ಆ ಕಾಯ್ದೆಯ ಜೀವಾಳವೇ ಹೆಸರಿನ ರಿಜಿಸ್ಟರು. 1911ರ ತಿದ್ದುಪಡಿಯ ನಂತರ ಬೆರಳಚ್ಚೂ ಬಂತು. 1952ರಲ್ಲಿ ಆ ಕಾಯ್ದೆ ರದ್ದಾಯಿತು. ಅಂದರೆ ಒಂದೇ ಸರ್ಕಾರ ಒಂದೇ ಕಾಲದಲ್ಲಿ ಎರಡು ಬಗೆಯ ಕಾಗದ ಇಟ್ಟುಕೊಂಡಿತ್ತು. ಸಂಶಯ ಪಟ್ಟಾಗ ಬರೆಯುವ ಕಾಗದದಲ್ಲಿ ಹೆಸರಿಗೆ ಮೊದಲ ಜಾಗ. ಮೆಚ್ಚಿದಾಗ ಬರೆಯುವ ಚೀಟಿಯಲ್ಲಿ ಹೆಸರಿಗೆ ಜಾಗವೇ ಇಲ್ಲ.

ಸ್ವಲ್ಪ ಬದಲಾವಣೆ ಕಂಡದ್ದು 1903ರ ದೆಹಲಿ ದರ್ಬಾರಿನ ಹೊತ್ತಿಗೆ. 1902ರ ಡಿಸೆಂಬರ್ 30ರಂದು ಕುದ್ಸಿಯಾ ಬಾಗಿನಲ್ಲಿ ಕರ್ಜನ್ ಭಾರತೀಯ ಕಲಾ ಪ್ರದರ್ಶನ ಉದ್ಘಾಟಿಸಿದ. ವಿಲಾಯಿತಿಯ ನಕಲು ಮಾಡಿದ ವಸ್ತುಗಳನ್ನು ಒಳಗೆ ಬಿಡಬಾರದೆಂಬುದು ಅವನ ನಿಯಮ. ಕ್ಯಾಟಲಾಗು ಬರೆದ ಜಾರ್ಜ್ ವಾಟ್ ಬಹುಮಾನಿತರ ವಿವರಗಳಲ್ಲಿ ಕೆಲವೆಡೆ ಕೈಗೆಲಸದವರ ಹೆಸರುಗಳನ್ನೂ ಕೊಟ್ಟಿದ್ದಾನೆ. ಅವುಗಳ ಪಕ್ಕದಲ್ಲೇ ವ್ಯಾಪಾರಿಗಳು, ಕಲಾಶಾಲೆಗಳು, ಸಂಸ್ಥಾನಗಳು. ಎರವಲು ಕೊಟ್ಟವರ ವಿಭಾಗದಲ್ಲಂತೂ ಒಡೆಯರದೇ ಹೆಸರು. ವಸ್ತು ಯಾರ ಕಪಾಟಿನಲ್ಲಿ ಇತ್ತೋ ಅವರೇ ಅದರ ಗುರುತು.

ಈ ಹಿನ್ನೆಲೆಯಲ್ಲಿ 1938ರ ಹೈದರಾಬಾದಿನ ನುಮಾಯಿಶ್ ನೋಡಿದರೆ ಅದರ ಹೊಸತನವೂ ಮಿತಿಯೂ ಎರಡೂ ತಿಳಿಯುತ್ತವೆ. ಇಲ್ಲಿ ತೋರಿಸುವವರು ದೊರೆಗಳ ಪ್ರತಿನಿಧಿಗಳಲ್ಲ, ಓದಿದ ಸ್ಥಳೀಯ ಯುವಕರು. ನೋಡುವವರು ವಿಲಾಯಿತಿಯವರಲ್ಲ, ನಮ್ಮಂಥವರೇ. 'ಮುಲ್ಕಿ' ಎಂಬ ಪದ ಆ ಕಾಲಕ್ಕೆ ಬಹಳ ಬಿಸಿಯಾದದ್ದು. ಸಂಸ್ಥಾನದ ನೌಕರಿಗಳು ಹೊರಗಿನವರಿಗೆ ಹೋಗಬಾರದು, ನಾಡಿನವರಿಗೇ ಸಿಗಬೇಕು ಎಂಬ ಬೇಡಿಕೆಯ ಪದ. ಅದನ್ನು ವಸ್ತುಗಳಿಗೂ ಅನ್ವಯಿಸಿದರು. ಕಲಬುರಗಿ, ಬೀದರ್, ರಾಯಚೂರು ಆ ಮುಲ್ಕಿನ ಭಾಗಗಳು. ಆಡಳಿತದ ಭಾಷೆ ಉರ್ದು. ಮುದನೂರಿನ ನೇಕಾರನ ಭಾಷೆ ಕನ್ನಡ, ತಾಂಡಾದ ಹೆಣ್ಣುಮಗಳ ಭಾಷೆ ಗೋರ್‌ಬೋಲಿ. ನಾಡಿನ ವಸ್ತು ಒಳಗೆ ಬರಬಹುದಿತ್ತು, ನಾಡಿನ ಎಲ್ಲ ಮಾತುಗಳು ಬರುವಂತಿರಲಿಲ್ಲ.

1946ರಲ್ಲಿ ನುಮಾಯಿಶ್ ಮೊಅಜ್ಜಮ್ ಜಾಹಿ ಮಾರುಕಟ್ಟೆಯ ಬಳಿಯ ದೊಡ್ಡ ಬಯಲಿಗೆ ಹೋಯಿತು. 1947 ಮತ್ತು 1948ರಲ್ಲಿ ನಡೆಯಲಿಲ್ಲ. ಆ ಎರಡು ವರ್ಷ ಈ ಸೀಮೆಗೆ ಏನಾಯಿತೆಂದು ಇಲ್ಲಿ ವಿವರಿಸಬೇಕಾಗಿಲ್ಲ. ಮೊದಲು ರಜಾಕಾರರ ದಾಳಿಗಳು, 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆ, ಅದರ ಬೆನ್ನಿಗೆ ನಡೆದ ಹತ್ಯೆಗಳು. ಸುಂದರಲಾಲ್ ಸಮಿತಿ ಹೆಚ್ಚು ನೊಂದ ಜಿಲ್ಲೆಗಳೆಂದು ಗುರುತಿಸಿದ ನಾಲ್ಕರಲ್ಲಿ ಗುಲ್ಬರ್ಗಾ ಮತ್ತು ಬೀದರ್ ಎರಡೂ ಇವೆ. ಮನೆಗಳು ಖಾಲಿಯಾದಾಗ ಕಸುಬುಗಳೂ ಖಾಲಿಯಾಗುತ್ತವೆ. ಕಸುಬಿಗೆ ಬೇಕಾದದ್ದು ಹತ್ತಾರು ವರ್ಷ ಒಂದೇ ಜಾಗದಲ್ಲಿ ಭಯವಿಲ್ಲದೆ ಕೂರುವ ಅವಕಾಶ. 1949ರಲ್ಲಿ ಸಿ. ರಾಜಗೋಪಾಲಾಚಾರಿ ಉದ್ಘಾಟಿಸಿ, ಅದು ಅಖಿಲ ಭಾರತ ಕೈಗಾರಿಕಾ ಪ್ರದರ್ಶನವೆಂದು ಹೊಸ ಹೆಸರು ಪಡೆಯಿತು. 'ಮುಲ್ಕಿ' ಬಿಟ್ಟುಹೋಯಿತು. 1956ರ ನವೆಂಬರ್ 1ರಂದು ನಾವು ಮೈಸೂರು ರಾಜ್ಯಕ್ಕೆ ಸೇರಿದೆವು, ಹೈದರಾಬಾದು ಬೇರೆ ರಾಜ್ಯದ ರಾಜಧಾನಿಯಾಯಿತು. ನಮ್ಮ ಪಾಲಿಗೆ ಬಂದದ್ದು ಮೈಸೂರಿನ ದಸರಾ ವಸ್ತುಪ್ರದರ್ಶನ. 1880ರಲ್ಲಿ ಚಾಮರಾಜ ಒಡೆಯರ ಕಾಲದಲ್ಲಿ ಆರಂಭವಾದ, ಹಳೆಯ ಹೆಸರಿನ ಪ್ರದರ್ಶನ. ಆದರೆ ಕಲಬುರಗಿಯ ಕೈಗೆಲಸದವರಿಗೆ ಅದು ರಾತ್ರಿಯಿಡೀ ಪ್ರಯಾಣ ಮಾಡಿ ತಲುಪಬೇಕಾದ ಊರು. ನಾಡಿನವರಿಗೆ ಆದ್ಯತೆ ಎಂಬ ಹಳೆಯ ಮುಲ್ಕಿ ವಿಚಾರ ಮತ್ತೆ ಕಾನೂನಿನ ರೂಪ ಪಡೆದದ್ದು 371(ಜೆ) ಬಂದ ಮೇಲೆ. ಅದು ಶಿಕ್ಷಣ ಮತ್ತು ನೌಕರಿಗೆ. ಕಸುಬಿನ ವಸ್ತುಗಳಿಗೆ ಅಂಥ ಏರ್ಪಾಡಿಲ್ಲ.

ಸ್ವತಂತ್ರ ಭಾರತದಲ್ಲಿ ಹೆಸರಿನ ಪ್ರಶ್ನೆಯನ್ನು ಗಂಭೀರವಾಗಿ ಎತ್ತಿಕೊಂಡವರಲ್ಲಿ ಮುಖ್ಯರು ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ. 1952ರಲ್ಲಿ ಆರಂಭವಾದ ಅಖಿಲ ಭಾರತ ಕರಕುಶಲ ಮಂಡಳಿಯನ್ನು ಅವರು ಮುನ್ನಡೆಸಿದರು. 1965ರಿಂದ ಕುಶಲಕರ್ಮಿಗಳಿಗೆ ರಾಷ್ಟ್ರೀಯ ಪ್ರಶಸ್ತಿ ಶುರುವಾಯಿತು. ಮೊದಲ ಬಾರಿಗೆ ಒಂದು ಹೂಜಿಯ ಜೊತೆ ಒಬ್ಬ ಮನುಷ್ಯನ ಹೆಸರು ಸರ್ಕಾರಿ ಕಾಗದದಲ್ಲಿ ಗೌರವದಿಂದ ಬರತೊಡಗಿತು. 2023ರಲ್ಲಿ ಬೀದರಿನ ಶಾಹ್ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂದಾಗ ನಮ್ಮ ಓಣಿಯಲ್ಲೂ ಸಂಭ್ರಮವಿತ್ತು. 1851ರ ಚೀಟಿಯಲ್ಲಿ ಬಿಟ್ಟುಹೋದದ್ದನ್ನು ಯಾರೋ ತಡವಾಗಿ ತುಂಬಿದಂತೆ ನನಗೆ ಅನ್ನಿಸಿತು. ಆದರೂ ಪ್ರಶಸ್ತಿ ಒಬ್ಬರಿಗೆ. ಎರಕದವನಿಗೆ, ತೋಡುವವನಿಗೆ, ಮನೆಯೊಳಗೆ ಕುಳಿತು ಉಜ್ಜುವ ಹೆಣ್ಣುಮಕ್ಕಳಿಗೆ ಅದು ತಲುಪುವುದು ಮಾತಿನಲ್ಲಷ್ಟೇ.

2003ರಲ್ಲಿ ಜಾರಿಗೆ ಬಂದ ಭೌಗೋಳಿಕ ಸೂಚಿಕೆಯ ಕಾಯ್ದೆ ಮತ್ತೆ ಊರಿನ ಹೆಸರಿಗೆ ಮರಳಿತು. ಬಿದ್ರಿಗೆ 2006ರಲ್ಲಿ ಆ ಗುರುತು ಸಿಕ್ಕಿತು. ಕಮಲಾಪುರದ ಕೆಂಪು ಬಾಳೆಗೂ ಸಿಕ್ಕಿದೆ. ನಕಲು ಮಾಲಿನಿಂದ ಕಾಪಾಡಲು ಇದು ಬೇಕಾದದ್ದೇ. ಕಾಯ್ದೆಯ ಪ್ರಕಾರ ಒಡೆತನ ಸಂಘ, ಸಂಸ್ಥೆ ಅಥವಾ ಪ್ರಾಧಿಕಾರದ್ದು. ಮಾಡುವವರು ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳಬಹುದು. ಬಳಕೆದಾರ ಎಂಬ ಪದ ನೋಡಿದಾಗಲೆಲ್ಲ ನನಗೆ ಮುಜುಗರವಾಗುತ್ತದೆ. ನಾಲ್ಕು ತಲೆಮಾರು ಮಣ್ಣಿನ ರುಚಿ ನೋಡಿದವನು ಬಿದ್ರಿ ಎಂಬ ಹೆಸರಿನ ಬಳಕೆದಾರ.

ಕಲಬುರಗಿಯಿಂದ ಬೀದರಿಗೆ ಹೋಗುವ ದಾರಿಯಲ್ಲೇ ಕಮಲಾಪುರ ಸಿಗುತ್ತದೆ. ಈಗ ತಾಲ್ಲೂಕು ಕೇಂದ್ರ, 2017ರಿಂದ ರೈಲೂ ಇದೆ. ಸುತ್ತಮುತ್ತ ಗುಡ್ಡದ ಸೀಮೆ, ಲಂಬಾಣಿ ತಾಂಡಾಗಳು. ಹೋದ ವರ್ಷ ಕ್ಷೇತ್ರಕಾರ್ಯಕ್ಕೆಂದು ಒಂದು ತಾಂಡಾಕ್ಕೆ ಹೋಗಿ ಬರುತ್ತಿದ್ದಾಗ ಅಲ್ಲಿನ ಸ್ವಸಹಾಯ ಗುಂಪಿನವರು ಹತ್ತಿರದಲ್ಲಿ ನಡೆಯಲಿದ್ದ ಒಂದು ಮೇಳದ ಅರ್ಜಿ ತುಂಬಿಕೊಡಲು ಕೇಳಿದರು. ಕೈಗೆಲಸದ ಸ್ಪರ್ಧೆಯೂ ಇತ್ತು. ಅವರು ಇಡಬೇಕೆಂದಿದ್ದದ್ದು ಒಂದು ಹಳೆಯ ಕಾಂಚಳಿ, ಹೊಸದಾಗಿ ಹೊಲಿದ ಒಂದು ಚೀಲ, ಒಂದು ಕೌದಿ. ಕಾಂಚಳಿಯ ಮೇಲೆ ಕನ್ನಡಿ ಬಿಲ್ಲೆ, ಕವಡೆ, ಅಂಚಿನಲ್ಲಿ ಒತ್ತೊತ್ತಾದ ದಾರದ ಕೆಲಸ. ಅದನ್ನು ಹೊಲಿದವರು ಮುಂದೆಯೇ ಕುಳಿತಿದ್ದರು, ಅರವತ್ತು ದಾಟಿದವರು.

ಅರ್ಜಿಯಲ್ಲಿ ಗುಂಪಿನ ಹೆಸರು, ನೋಂದಣಿ ಸಂಖ್ಯೆ, ಬ್ಯಾಂಕ್ ಖಾತೆ, ವಸ್ತುವಿನ ಹೆಸರು, ಬೆಲೆ ಇವಿಷ್ಟಕ್ಕೆ ಜಾಗವಿತ್ತು. ಮಾಡಿದವರು ಎಂಬ ಕಾಲಂ ಇರಲಿಲ್ಲ. ನಾನು 'ಯಾಡಿ, ನಿಮ್ಮ ಹೆಸರು ಬರೀಲೇನ್ರಿ?' ಎಂದು ಕೇಳಿದೆ. ಆಕೆ ಒಮ್ಮೆಲೇ ಕಾಂಚಳಿ ಹಿಂದಕ್ಕೆ ಎಳೆದುಕೊಂಡು ಕೇಳಿದರು:

'ಹೆಸ್ರು ಯಾಕ ಬೇಕಪಾ? ಮತ್ತ ಯಾವುದರ ಲೋನಿಂದೇನು?'

ಸುತ್ತ ಕುಳಿತವರೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ಆ ಪ್ರಶ್ನೆಯೊಳಗೆ ಒಂದು ಇತಿಹಾಸವೇ ಇತ್ತು. ಹೆಸರು ಬರೆದುಕೊಳ್ಳಲು ಬಂದವರು ಯಾವತ್ತಾದರೂ ಒಳ್ಳೆಯದಕ್ಕೆ ಬಂದದ್ದುಂಟೇ? ಹಿಂದೆ ಪೊಲೀಸರು, ಈಗ ಸಾಲ ವಸೂಲಿಯವರು. ಹೆಸರು ಎಂದರೆ ಹೊಣೆ, ಹೆಬ್ಬೆಟ್ಟು, ಕಂತು. ಮಾಡಿದ್ದನ್ನು ಮೆಚ್ಚಿ ಹೆಸರು ಕೇಳುತ್ತಾರೆ ಎಂಬುದು ಆಕೆಯ ಅನುಭವದಲ್ಲಿ ಇರಲಿಲ್ಲ.

ಅವರ ಇನ್ನೊಂದು ಮಾತು ಇನ್ನೂ ತೂಕದ್ದು. 'ಕೌದಿ ಒಬ್ಬಾಕಿ ಹೊಲಿದಿಲ್ಲ ನೋಡು. ಸೀರಿ ನನ್ನ ಸೊಸಿದು, ಕತ್ತರಿಸಿ ಜೋಡಿಸಿದಾಕಿ ಅಕಿ, ದಾರ ಹಾಕಿದವ್ರು ನಾಕ್ ಮಂದಿ. ಒಬ್ಬರದೇ ಬರದ್ರ ಉಳದವ್ರು ಏನ್ ಅನಬೇಕು?' ಹಳೆಯ ಸೀರೆಗಳನ್ನು ಪದರ ಪದರ ಇಟ್ಟು ಮಧ್ಯಾಹ್ನಗಳಲ್ಲಿ ಕೂಡಿ ಹೊಲಿಯುವ ಕೌದಿಗೆ ಒಬ್ಬ ಕರ್ತೃ ಇರುವುದಿಲ್ಲ. ಬಿದ್ರಿಯ ಹೂಜಿಗೂ ಇರುವುದಿಲ್ಲ. ಹೆಸರು ಬಿಡುವುದು ಎಷ್ಟು ತಪ್ಪೋ, ಹಲವರ ಕೆಲಸಕ್ಕೆ ಒಬ್ಬರ ಹೆಸರು ಅಂಟಿಸುವುದೂ ಅಷ್ಟೇ ತಪ್ಪು ಎಂಬುದನ್ನು ಸಂಶೋಧನೆಯ ಭಾಷೆಯಲ್ಲಿ ಹೇಳಲು ನನಗೆ ಹತ್ತು ಪುಟ ಬೇಕಾಗುತ್ತಿತ್ತು.

ಕೊನೆಗೆ ಅವರೇ ತೀರ್ಮಾನಿಸಿದರು. ಅರ್ಜಿಯಲ್ಲಿ ಗುಂಪಿನ ಹೆಸರು. ವಸ್ತುವಿಗೆ ಪಿನ್ನು ಹಾಕುವ ಚೀಟಿಯ ಹಿಂಬದಿಗೆ ಪೂರ್ತಿ ವಿವರ. ಕಾಂಚಳಿಗೆ ಒಂದೇ ಹೆಸರು, ಆಕೆಯದು. ಚೀಲಕ್ಕೆ ಇಬ್ಬರದು. ಕೌದಿಗೆ ಐವರದು, ಯಾರು ಕತ್ತರಿಸಿದರು, ಯಾರು ಹೊಲಿದರು ಎಂದು ಬಿಡಿಸಿ. ಸೀರೆ ಕೊಟ್ಟ ಸೊಸೆಯದೂ ಇರಲಿ ಎಂದು ಆಕೆಯೇ ಹೇಳಿ ಬರೆಸಿದರು. ಮೇಳದಲ್ಲಿ ಕೌದಿಗೆ ಸಮಾಧಾನಕರ ಬಹುಮಾನ ಬಂತು. ಪ್ರಮಾಣಪತ್ರದಲ್ಲಿ ಗುಂಪಿನ ಹೆಸರಿತ್ತು. ಚೀಲ ಮಾರಾಟವಾಯಿತು. ಕೊಂಡವರು ಚೀಟಿ ಕಿತ್ತು ಮೇಜಿನ ಮೇಲೇ ಬಿಟ್ಟು ಹೋದರು.

ಗುಂಪಿನ ಹೆಸರನ್ನು ನಾನು ಹಗುರವಾಗಿ ಕಾಣುವುದಿಲ್ಲ. ಸಂಜೀವಿನಿ ಯೋಜನೆಯ ಗುಂಪುಗಳಿಂದ ಎಷ್ಟೋ ಹೆಣ್ಣುಮಕ್ಕಳು ಮೊದಲ ಸಲ ಮೇಳದ ಮಳಿಗೆಯಲ್ಲಿ ತಾವೇ ನಿಂತು ಮಾರಿದ್ದಾರೆ. ಜಾತ್ರೆಯಲ್ಲಿದ್ದ ಮುಖಾಮುಖಿ ಅಲ್ಲಿ ಸ್ವಲ್ಪ ಮರಳಿ ಬಂದಿದೆ. ಆದರೆ ಸಂಖ್ಯೆಯ ಮೋಹ ದೊಡ್ಡದು. 2023ರ ಜುಲೈಯಲ್ಲಿ ಹಂಪಿಯಲ್ಲಿ ಜಿ20 ಸಂಸ್ಕೃತಿ ಸಭೆ ನಡೆದಾಗ, ಸಂಡೂರು ಕುಶಲ ಕಲಾ ಕೇಂದ್ರದ ಜೊತೆ ಕೆಲಸ ಮಾಡುವ 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರು ಹೊಲಿದ 1,755 ವಸ್ತುಗಳನ್ನು ಒಟ್ಟಿಗೆ ತೋರಿಸಿ ಗಿನ್ನೆಸ್ ದಾಖಲೆ ಮಾಡಿದರು. ಹೆಮ್ಮೆಯ ಸಂಗತಿ. ಪತ್ರಿಕೆಗಳ ತಲೆಬರಹದಲ್ಲಿ ಕಂಡದ್ದು 1,755 ಎಂಬ ಅಂಕಿ. ಆ 450 ಹೆಸರುಗಳನ್ನು ಅಚ್ಚು ಹಾಕಲು ಪತ್ರಿಕೆಯ ಅರ್ಧ ಪುಟ ಸಾಕಾಗುತ್ತಿತ್ತು.

ನಾನು ಇತಿಹಾಸದ ವಿದ್ಯಾರ್ಥಿ. ನನ್ನ ಕೈಗೆ ಸಿಗುವುದು ವಸ್ತುಗಳಲ್ಲ, ಅವುಗಳ ಬಗ್ಗೆ ಯಾರೋ ಬರೆದಿಟ್ಟ ಚೀಟಿಗಳು, ಪಟ್ಟಿಗಳು, ಬಹುಮಾನದ ವರದಿಗಳು. ಇನ್ನು ಎಂಬತ್ತು ವರ್ಷಗಳ ನಂತರ ನನ್ನಂಥ ಇನ್ನೊಬ್ಬರು ಕಮಲಾಪುರದ ಕೌದಿಗಳ ಬಗ್ಗೆ ಬರೆಯಲು ಹೊರಟರೆ ಅವರಿಗೆ ಆ ಮೇಳದ ಬಹುಮಾನ ಪಟ್ಟಿ ಸಿಗಬಹುದು, ಗುಂಪಿನ ನೋಂದಣಿ ಸಂಖ್ಯೆಯೂ ಸಿಗಬಹುದು. ಚೀಟಿಯ ಹಿಂಬದಿ ಸಿಗುವುದಿಲ್ಲ. ಆಗ ಅವರೂ ದಾರದ ಹಿಡಿತ ನೋಡಿ, ಹೊಲಿಗೆಯ ಬಗೆ ನೋಡಿ, ಲಂಬಾಣಿ ಮಹಿಳೆಯರ ಕೆಲಸ ಎಂದಷ್ಟೇ ಬರೆದು ಮುಂದೆ ಹೋಗುತ್ತಾರೆ. 1851ರ ಬಿದ್ರಿಯ ಬಗ್ಗೆ ನಾವು ಈಗ ಬರೆಯುವಂತೆಯೇ.

ನಮ್ಮ ಶಾಲೆ, ಕಾಲೇಜು, ತಾಲ್ಲೂಕು ಪಂಚಾಯಿತಿ, ಉರುಸು ಮತ್ತು ಜಾತ್ರಾ ಸಮಿತಿಗಳು ವರ್ಷಕ್ಕೆ ಎಷ್ಟೋ ಪ್ರದರ್ಶನಗಳನ್ನು ನಡೆಸುತ್ತವೆ. ಅರ್ಜಿಗಳನ್ನು ಪ್ರತಿ ವರ್ಷ ಹೊಸದಾಗಿ ಅಚ್ಚು ಹಾಕಿಸುತ್ತವೆ. ಅದರಲ್ಲಿ ಒಂದು ಕಾಲಂ ಸೇರಿಸಲು ಅನುದಾನ ಬೇಕಿಲ್ಲ, ಆದೇಶ ಬೇಕಿಲ್ಲ. 'ಮಾಡಿದವರು' ಎಂದು ಬರೆದು, ಪಕ್ಕದಲ್ಲಿ ಐದಾರು ಗೆರೆ ಖಾಲಿ ಬಿಡಬೇಕು. ಒಂದೇ ಗೆರೆ ಸಾಲದು. ಬರೆಸುವುದೋ ಬೇಡವೋ ಎಂಬುದನ್ನು ಮಾಡಿದವರಿಗೇ ಬಿಡಬೇಕು. ಬರೆದ ಮೇಲೆ ಆ ಹಾಳೆಯನ್ನು ಬಹುಮಾನ ಪಟ್ಟಿಯ ಜೊತೆಗೇ ಕಟ್ಟಿ ಇಡಬೇಕು.